96 ಕಿಲೋ ಎದುರು ಒಂದು ‘ಸಾಕು’

ಆಪ್ತ ಸಮಾಲೋಚಕಿಯಾಗಿ ನಾನು ನೋಡಿದ ಈ ಪ್ರಕರಣ ಬರೆಯಲು ಸಂಬಂಧಪಟ್ಟ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ ಮೂವತ್ತು ದಾಟಿದೆ. ತೂಕ 51 ಕಿಲೋ. ಎರಡು ವರ್ಷದಿಂದ ಜೂಡೋ ಕಲಿಯುತ್ತಿದ್ದಾಳೆ. ಕುರ್ಚಿಯಲ್ಲಿ ಕೂತ ತಕ್ಷಣ ಹೇಳಿದಳು, “ಮೇಡಂ, ನಾನು ಪುಕ್ಕಲಿ ಆಗಿಬಿಟ್ಟಿದ್ದೇನೆ.”

ಎರಡು ವಾರದ ಹಿಂದೆ ತರಗತಿಯಲ್ಲಿ ರಾಂಡೋರಿ ನಡೆದಿತ್ತು. ಯಾವ ಪಟ್ಟು ಬರುತ್ತದೆ ಅಂತ ಮೊದಲೇ ಗೊತ್ತಿಲ್ಲದೆ ಇಬ್ಬರು ಮುಕ್ತವಾಗಿ ಸೆಣಸುವ ಅಭ್ಯಾಸ ಅದು. ಎದುರಿಗಿದ್ದವನ ತೂಕ 96 ಕಿಲೋ. ಅವನು ಎಸೆಯಲು ಹೋದಾಗ ಇಬ್ಬರ ಕಾಲೂ ತೊಡರಿತು. ಅವನ ಪೂರ್ತಿ ಭಾರ ಆಕೆಯ ಪಕ್ಕೆಲುಬಿನ ಮೇಲೆ ಬಿತ್ತು. ಉಸಿರು ನಿಂತ ಹಾಗಾಯಿತು. ಸೋತೆ ಅಂತ ತಿಳಿಸಲು ಅಂಗೈಯಿಂದ ತಟ್ಟಬೇಕು. ಆದರೆ ಕೈ ಅವನ ಮೈ ಕೆಳಗೆ ಸಿಕ್ಕಿಕೊಂಡಿತ್ತು. ಬಾಯಿಂದ ದನಿಯೂ ಬರಲಿಲ್ಲ. ಅವನು ಏಳುವ ಹೊತ್ತಿಗೆ ಕೆಲವೇ ಸೆಕೆಂಡು ಕಳೆದಿರಬಹುದು. ಆಕೆಗೆ ಮಾತ್ರ ಅದು ಮುಗಿಯಲೇ ಇಲ್ಲ ಅನ್ನಿಸಿತ್ತು.

ಆಮೇಲೆ ತರಗತಿ ಬಿಟ್ಟಿಲ್ಲ. ಆದರೆ ಅವನ ಸರದಿ ಬಂತು ಅಂದರೆ ಬೆಲ್ಟ್ ಬಿಗಿ ಮಾಡುವ ನೆಪದಲ್ಲಿ ಪಕ್ಕಕ್ಕೆ ಸರಿಯುತ್ತಾಳೆ. ಒಂದು ದಿನ ತಪ್ಪಿಸಿಕೊಳ್ಳಲು ಆಗದೆ ಎದುರು ನಿಂತಾಗ ಕಾಲು ಕಲ್ಲಾದವು.

ನಾನು ಮೊದಲು ಕೇಳಿದ್ದು ಮನಸ್ಸಿನ ಬಗ್ಗೆ ಅಲ್ಲ. “ಡಾಕ್ಟರಿಗೆ ತೋರಿಸಿದಿರಾ?” ಇಲ್ಲ ಅಂದಳು. ಜೋರಾಗಿ ಉಸಿರೆಳೆದರೆ ಇನ್ನೂ ನೋವಿತ್ತು. ಮುಂದಿನ ಭೇಟಿಗೆ ಮೊದಲು ತೋರಿಸಿಕೊಂಡು ಬನ್ನಿ ಅಂತ ಕಳಿಸಿದೆ. ಮೂಳೆ ಮುರಿದಿರಲಿಲ್ಲ, ಆದರೆ ಕೆಲವು ವಾರ ವಿಶ್ರಾಂತಿ ಬೇಕಾಯಿತು. ಮೈಗಾದ ಪೆಟ್ಟು ಇನ್ನೂ ಮಾಯದೆ ಇರುವಾಗ ಮೂಡುವ ಭಯವನ್ನು ಮನಸ್ಸಿನ ಸಮಸ್ಯೆ ಅಂದುಕೊಳ್ಳಬಾರದು. ತಲೆಗೆ ಪೆಟ್ಟು ಬಿದ್ದಿದ್ದರೆ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ: ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗುವುದು, ಇವುಗಳಲ್ಲಿ ಒಂದು ಕಂಡರೂ ಅಂದಿಗೆ ಅಭ್ಯಾಸ ಮುಗಿಯಿತು, ನೇರ ಡಾಕ್ಟರ ಹತ್ತಿರ.

ಎರಡನೇ ಭೇಟಿಯಲ್ಲಿ ಆ ‘ಪುಕ್ಕಲಿ’ ಪದ ಹಿಡಿದುಕೊಂಡೆ. ಅದು ಎಲ್ಲಿಂದ ಬಂತು? ತರಗತಿಯಲ್ಲಿ ಎಲ್ಲರೂ ಹೇಳುತ್ತಿದ್ದರಂತೆ, ಪಟ್ಟು ಸರಿ ಇದ್ದರೆ ಗಾತ್ರ ಲೆಕ್ಕಕ್ಕಿಲ್ಲ ಅಂತ. ಹಾಗಾದರೆ ಸೋತವಳದ್ದೇ ತಪ್ಪು ಅಲ್ವಾ?

ಅಲ್ಲ. ಜಿಗೊರೊ ಕಾನೊ 1882ರಲ್ಲಿ ಜೂಡೋ ಕಟ್ಟಿದಾಗ ತೂಕದ ವಿಭಾಗಗಳು ಇರಲಿಲ್ಲ, ನಿಜ. ಆದರೆ 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಜೂಡೋ ಬಂದಾಗಲೇ ಅದು ತೂಕದ ಪ್ರಕಾರ ವಿಂಗಡವಾಗಿತ್ತು. ಜೊತೆಗೆ ಯಾರು ಬೇಕಾದರೂ ಇಳಿಯಬಹುದಾದ ಒಂದು ಮುಕ್ತ ವಿಭಾಗವಿತ್ತು. ಅದನ್ನು ಗೆದ್ದದ್ದು ಸುಮಾರು ಆರೂವರೆ ಅಡಿ ಎತ್ತರದ ಡಚ್ ಆಟಗಾರ ಆಂಟನ್ ಗೀಸಿಂಕ್. ಇವತ್ತು ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಏಳು ವಿಭಾಗಗಳಿವೆ. ಈಕೆ 52 ಕಿಲೋ ಒಳಗಿನವಳು. ಪಂದ್ಯಕ್ಕೆ ಇಳಿದರೆ 53 ಕಿಲೋ ಇರುವವಳನ್ನೂ ಎದುರಿಸಬೇಕಾಗಿಲ್ಲ. ಗಾತ್ರ ಲೆಕ್ಕಕ್ಕಿದೆ ಅಂತ ಆ ಆಟವೇ ಒಪ್ಪಿಕೊಂಡಿದೆ. ಇದನ್ನು ಹೇಳಿದಾಗ ಆಕೆ ಅತ್ತಳು. ತುಂಬಾ ಹೊತ್ತು ಅತ್ತಳು.

ಆಮೇಲೆ ಇನ್ನೊಂದು ವಿಷಯ ಬಾಯಿಬಿಟ್ಟಳು. ಸೇರಿದ ಮೊದಲ ದಿನ ಕೋಚ್‌ಗೆ ಆಕೆಯೇ ಹೇಳಿದ್ದಳಂತೆ: “ಹೆಣ್ಣು ಅಂತ ರಿಯಾಯಿತಿ ಬೇಡ.” ಈಗ ‘ಸ್ವಲ್ಪ ನಿಧಾನ’ ಅಂದರೆ ತನ್ನ ಮಾತನ್ನೇ ತಿಂದ ಹಾಗೆ. ನನಗೆ ಗಂಟು ಎಲ್ಲಿದೆ ಅಂತ ಆಗ ಗೊತ್ತಾಯಿತು.

ಒಂದು ದಿಂಬು ಕೊಟ್ಟೆ. ಎದೆಗೆ ಹಿಡಿದುಕೊಳ್ಳಿ, ನಾನು ಒತ್ತುತ್ತೇನೆ, ಇರುಸುಮುರುಸು ಶುರುವಾದ ಕೂಡಲೇ ‘ಸಾಕು’ ಅನ್ನಿ. ಒತ್ತಿದೆ. “ಪರವಾಗಿಲ್ಲ.” ಇನ್ನಷ್ಟು ಒತ್ತಿದೆ. “ಪರವಾಗಿಲ್ಲ ಮೇಡಂ.” ಮುಖ ಕೆಂಪಾಗಿತ್ತು. ಮೂರನೇ ಸಲವೂ ಅದೇ. ನಾನೇ ಕೈ ತೆಗೆದೆ. ಮನೆಯಲ್ಲಿ, ಕೆಲಸದಲ್ಲಿ ಎಲ್ಲ ಕಡೆ ಹೀಗೇನಾ ಅಂದೆ. ಆಕೆ ನೆಲ ನೋಡುತ್ತಾ ತಲೆಯಾಡಿಸಿದಳು.

ಹಾಗಾಗಿ ನನ್ನ ಮೊದಲ ಸಲಹೆ ಧೈರ್ಯದ ಬಗ್ಗೆ ಇರಲಿಲ್ಲ. ‘ಸಾಕು’ ಅನ್ನುವುದನ್ನು ಅಗತ್ಯವೇ ಇಲ್ಲದಾಗ ರೂಢಿ ಮಾಡಿ ಅಂದೆ. ಎದೆಯ ಮೇಲೆ ಭಾರ ಬಿದ್ದಾಗ ಉಸಿರು ಹಿಗ್ಗಲು ಜಾಗ ಇರುವುದಿಲ್ಲ. ಗಾಬರಿ ಬೇಗ ಏರುತ್ತದೆ. ಆಗ ಹೊಸ ಪದ ನೆನಪಾಗುವುದಿಲ್ಲ, ರೂಢಿಯಾದದ್ದು ಮಾತ್ರ ಬರುತ್ತದೆ. ಕಾಲು ಕಲ್ಲಾಗುವುದೂ ಹೀಗೆಯೇ. ಅಪಾಯ ಕಂಡ ಮೈ ಕೇಳದೆ ತೆಗೆದುಕೊಳ್ಳುವ ತೀರ್ಮಾನ ಅದು, ಗುಣದ ದೋಷವಲ್ಲ.

ಆಮೇಲೆ ಮೆಟ್ಟಿಲು ಮಾಡಿದೆವು. ಪ್ರತಿ ಮೆಟ್ಟಿಲಿಗೂ ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಮ್ಯಾಟ್ ಅಂಚಿನಲ್ಲಿ ಕೂತು ಅವನ ಆಟ ನೋಡುವುದು ಮೂರು. ಅವನ ಹಿಡಿತ ಹಿಡಿದು ಸುಮ್ನೆ ನಿಲ್ಲುವುದು ಐದು. ಅವನು ಅಂಗೈ ಊರಿ ಅರ್ಧ ಭಾರ ಮಾತ್ರ ಹಾಕಿ ಹತ್ತು ಸೆಕೆಂಡು ಅದುಮುವುದು ಎಂಟು. ಅಂಕ ಮೂರಕ್ಕೆ ಇಳಿಯುವವರೆಗೆ ಮುಂದಿನ ಮೆಟ್ಟಿಲು ಬೇಡ. ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಗುರಾಗುತ್ತದೆ, ಅದಕ್ಕೇ ಭಯ ಬೆಳೆಯುತ್ತದೆ. ಒಮ್ಮೆಲೇ ನುಗ್ಗಿದರೂ ಬೆಳೆಯುತ್ತದೆ. ಪಟ್ಟಿನ ವಿಷಯ ಪೂರ್ತಿ ಕೋಚ್‌ಗೆ ಬಿಟ್ಟೆ. ಕೈ ಸಿಕ್ಕಿಕೊಂಡರೆ ಕಾಲಿನಿಂದ ತಟ್ಟಬಹುದು, ಬಾಯಲ್ಲೂ ಹೇಳಬಹುದು, ಇದನ್ನು ಪ್ರತಿ ಸುತ್ತಿಗೆ ಮೊದಲು ಇಬ್ಬರೂ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು ಅಂತ ಮಾತ್ರ ಕೇಳಿಕೊಂಡೆ.

ಆಕೆಯ ಒಪ್ಪಿಗೆ ಪಡೆದು ಒಂದು ದಿನ ಅವನನ್ನೂ ಕರೆಸಿದೆ. ಅಷ್ಟು ದೊಡ್ಡ ಮೈಯವನು ಕುರ್ಚಿಯ ತುದಿಯಲ್ಲಿ ಕೂತಿದ್ದ. “ಅವತ್ತಿಂದ ನನಗೂ ನಿದ್ದೆ ಸರಿಯಿಲ್ಲ” ಅಂದ. ಯಾರಿಗಾದರೂ ಏಟಾದೀತು ಅನ್ನುವ ಹೆದರಿಕೆಯಲ್ಲಿ ತೋಳು ಬಿಗಿ ಹಿಡಿಯುತ್ತಾನಂತೆ. ಬಿಗಿಯಾದ ಮೈ ಹೆಚ್ಚು ಭಾರ, ಹೆಚ್ಚು ಅಪಾಯ. ಅವನ ಜೊತೆ ಆಡಲು ಯಾರೂ ಮುಂದೆ ಬರುವುದಿಲ್ಲ ಅಂತಲೂ ಹೇಳಿದ. ಇದನ್ನು ಕೇಳಿ ಆಕೆ ಮೊದಲ ಸಲ ಅವನ ಮುಖ ನೋಡಿದಳು.

ಅವನಿಗೆ ಹೇಳಿದ್ದು ಎರಡೇ. ಎಸೆದ ಮೇಲೆ ನೀವು ನಿಂತೇ ಇರುವುದನ್ನು ಕೋಚ್ ಹತ್ತಿರ ಕಲಿಯಿರಿ, ಜೊತೆಗೆ ಬೀಳಬೇಡಿ. ಮತ್ತೆ, ಬೇಕಂತಲೇ ಸೋಲಬೇಡಿ. ಅದು ಆಕೆಗೆ ಗೊತ್ತಾಗುತ್ತದೆ, ನೋವಾಗುತ್ತದೆ. ವೇಗವನ್ನು ಆಕೆ ಹೇಳಿದಷ್ಟಕ್ಕೆ ಇಳಿಸಿ, ಆಟ ಪ್ರಾಮಾಣಿಕವಾಗಿರಲಿ.

ಅವನು ಕೇಳುವವನಾಗಿದ್ದ, ಹಾಗಾಗಿ ಈ ದಾರಿ ಸಾಧ್ಯವಾಯಿತು. ತಟ್ಟಿದರೂ ಬಿಡದ ಜೊತೆಗಾರನಾಗಿದ್ದರೆ, ಅದನ್ನು ನೋಡಿಯೂ ಸುಮ್ಮನಿರುವ ಕೋಚ್ ಆಗಿದ್ದರೆ, ಆ ಜಾಗ ಬಿಡಿ ಅಂತಲೇ ಹೇಳುತ್ತಿದ್ದೆ. ಅಲ್ಲಿ ಭಯ ಕಡಿಮೆ ಮಾಡುವ ಕೆಲಸ ನಾನು ಮಾಡುವುದಿಲ್ಲ.

ಹನ್ನೊಂದನೇ ವಾರ ಆಕೆ ಬಂದಾಗ ಹೇಳಿದ ಸುದ್ದಿ ಇದು. ಹತ್ತು ಸೆಕೆಂಡಿನ ಮೆಟ್ಟಿಲಲ್ಲಿ ಏಳಕ್ಕೇ ‘ಸಾಕು’ ಅಂದಳಂತೆ. ಅವನು ತಕ್ಷಣ ಎದ್ದ. ಆಕೆ ಮಲಗಿದಲ್ಲಿಂದಲೇ “ಇನ್ನೊಂದು ಸಲ” ಅಂದಳಂತೆ. ಅಂಕ ನಾಲ್ಕು. ನಿಂತು ಪೂರ್ತಿ ವೇಗದಲ್ಲಿ ಅವನ ಜೊತೆ ಇನ್ನೂ ಆಡಿಲ್ಲ. ಅದಕ್ಕೆ ಅವಸರವಿಲ್ಲ ಅಂತ ಈಗ ಆಕೆಯೇ ಹೇಳುತ್ತಾಳೆ.