ಮರಳು ನೋಡೋಕೆ ತಲಕಾಡೇ ಇದೆಯಲ್ಲ, ಕ್‌ಗಾರಿಗೆ ಯಾಕೆ ಹೋಗಬೇಕು?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೆಯಬೇಕು ಅನ್ನಿಸಿತು. ನೀವು ಮಂಡ್ಯದವರು. ದಸರಾ ರಜೆಗೆ ಅಪ್ಪ ಅಮ್ಮನ ಜೊತೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಅಣ್ಣನ ಮನೆಗೆ ಹೋಗುತ್ತಿದ್ದೀರಿ. ಅಮ್ಮನಿಗೆ 66 ವರ್ಷ, ಮಂಡಿ ನೋವು. ಅಲ್ಲಿನ ಕ್‌ಗಾರಿ ಅನ್ನುವ ದೊಡ್ಡ ಮರಳಿನ ದ್ವೀಪಕ್ಕೆ ಗೈಡ್ ಇರುವ ಒಂದು ದಿನದ ಬಸ್ ಟೂರ್ ಸಾಕಾ, ಇಲ್ಲ ನಾವೇ ಗಾಡಿ ಬಾಡಿಗೆಗೆ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ‘ಮರಳು ನೋಡೋಕೆ ತಲಕಾಡೇ ಇದೆಯಲ್ಲ ಅಂತ ಅಪ್ಪ ಅನ್ನುತ್ತಾರೆ’ ಅಂತಲೂ ಬರೆದಿದ್ದೀರಿ.

ಹೋಗಿ. ಬಸ್ ಟೂರ್‌ನಲ್ಲೇ ಹೋಗಿ. ಒಂದು ದಿನ ಸಾಕು. ಆದರೆ ಹಿಂದಿನ ರಾತ್ರಿ, ದ್ವೀಪಕ್ಕೆ ಟೂರ್ ಹೊರಡುವ ಹಾರ್ವಿ ಬೇ ಊರಿನಲ್ಲಿ ಉಳಿದುಕೊಳ್ಳಿ. ಬ್ರಿಸ್ಬೇನ್‌ನಿಂದ ಅಲ್ಲಿಗೆ ಸುಮಾರು 290 ಕಿಲೋಮೀಟರ್, ಕಾರಿನಲ್ಲಿ ಮೂರೂವರೆ ಗಂಟೆ. ಒಂದೇ ದಿನ ಹೋಗಿ ಬಂದರೆ ಅಮ್ಮನಿಗೆ ದ್ವೀಪಕ್ಕಿಂತ ಕಾರಿನ ಸೀಟೇ ಜಾಸ್ತಿ ನೆನಪಿರುತ್ತದೆ.

ತಲಕಾಡಿನ ಮಾತು ನನಗೂ ಹತ್ತಿರದ್ದು. ನಾನು ಈಗ ಮೈಸೂರಿನ ಸರಸ್ವತಿಪುರಂನಲ್ಲಿದ್ದೇನೆ, ತವರು ತಿ. ನರಸೀಪುರದ ಕಡೆ. ಚಿಕ್ಕಂದಿನಲ್ಲಿ ತಲಕಾಡಿಗೆ ಹೋದರೆ ಬಿಸಿ ಮರಳಲ್ಲಿ ಕಾಲು ಸುಟ್ಟುಕೊಂಡು ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಓಡುತ್ತಿದ್ದೆವು. ಮಗಳು ‘ಅಮ್ಮ, ಮರಳಿನ ದ್ವೀಪಕ್ಕೆ ಟಿಕೆಟ್ ಬುಕ್ ಮಾಡಿದ್ದೀನಿ’ ಅಂದಾಗ ನಾನೂ ನಿಮ್ಮ ಅಪ್ಪ ಹೇಳಿದ್ದನ್ನೇ ಹೇಳಿದ್ದೆ. ಹೋಗಿ ಬಂದ ಮೇಲೆ ಹಾಗೆ ಹೇಳಲಾರೆ.

ಮೊದಲು ಹೆಸರು. ನಿಮ್ಮ ಅಣ್ಣ ಹೇಳಿರುವ ಫ್ರೇಸರ್ ಐಲ್ಯಾಂಡ್ ಹಳೇ ಹೆಸರು. 2023ರ ಜೂನ್‌ನಲ್ಲಿ ಸರ್ಕಾರ ಅದಕ್ಕೆ ಅಲ್ಲಿನ ಮೂಲ ನಿವಾಸಿಗಳಾದ ಬುಚುಲ್ಲಾ ಜನರ ಹೆಸರನ್ನೇ ವಾಪಸ್ ಕೊಟ್ಟಿತು: ಕ್‌ಗಾರಿ. ಮೊದಲ ಅಕ್ಷರವನ್ನು ನುಂಗಿ ಬರೀ ‘ಗಾರಿ’ ಅನ್ನುತ್ತಾರೆ. ಪ್ರಪಂಚದಲ್ಲೇ ದೊಡ್ಡ ಮರಳಿನ ದ್ವೀಪ ಇದು. ಉದ್ದ 120 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ, ಅಂದರೆ ಮೈಸೂರಿನಿಂದ ಹಾಸನದಷ್ಟು. ವಿಸ್ತೀರ್ಣ ಸುಮಾರು 1,660 ಚದರ ಕಿಲೋಮೀಟರ್. ನಿಮ್ಮ ಮಂಡ್ಯ ಜಿಲ್ಲೆಯ ಮೂರರಲ್ಲಿ ಒಂದು ಪಾಲು. ಅಷ್ಟೂ ಮರಳು. ಅಲ್ಲೊಂದು ಇಲ್ಲೊಂದು ಬಂಡೆ ಬಿಟ್ಟರೆ ಕಲ್ಲಿಲ್ಲ. ದಕ್ಷಿಣದ ನದಿಗಳು ಸಮುದ್ರಕ್ಕೆ ತಂದು ಹಾಕಿದ ಮರಳನ್ನು ಅಲೆಗಳು ಲಕ್ಷಾಂತರ ವರ್ಷ ಉತ್ತರಕ್ಕೆ ತಳ್ಳಿವೆ, ಗಾಳಿ ಗುಡ್ಡೆ ಹಾಕಿದೆ. ಕೆಲವು ದಿಬ್ಬಗಳು 200 ಮೀಟರಿಗೂ ಎತ್ತರ ಇವೆ. 1992ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಇನ್ನು ಗಾಡಿ ವಿಷಯ. ನಮ್ಮ ಅಳಿಯಂದಿರಿಗೂ ತಾವೇ ಓಡಿಸಬೇಕು ಅಂತ ಆಸೆ ಇತ್ತು. ದ್ವೀಪದಲ್ಲಿ ಓಡಾಡುವ ದಾರಿ ಎಲ್ಲಾ ಮರಳೇ. ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು, ಅದಕ್ಕೆ ಪರ್ಮಿಟ್ ಬೇಕು, ದಾಟಿಸುವ ದೋಣಿಗೆ ಬೇರೆ ಟಿಕೆಟ್. ಅದಕ್ಕಿಂತ ಮುಖ್ಯ, ಸಮುದ್ರದ ಉಬ್ಬರ ಇಳಿತದ ಲೆಕ್ಕ ಗೊತ್ತಿರಬೇಕು. ಉಬ್ಬರಕ್ಕೆ ಎರಡು ಗಂಟೆ ಮುಂಚೆ, ಎರಡು ಗಂಟೆ ಆಮೇಲೆ ಕಡಲ ದಂಡೆ ಮೇಲೆ ಗಾಡಿ ಇಳಿಸಬಾರದು ಅಂತ ಹೇಳುತ್ತಾರೆ. ಉಪ್ಪು ನೀರಿನಿಂದ ಗಾಡಿ ಕೆಟ್ಟರೆ ಸಾಮಾನ್ಯವಾಗಿ ಬಾಡಿಗೆ ಗಾಡಿಯ ಇನ್ಶೂರೆನ್ಸ್ ದುಡ್ಡು ಕೊಡುವುದಿಲ್ಲ. ನಾವು ಹೋದ ದಿನವೇ ಕಾಡಿನ ದಾರಿಯಲ್ಲಿ ಒಂದು ಜೀಪು ಆಕ್ಸಲ್ ತನಕ ಹೂತಿತ್ತು. ಒಳಗಿದ್ದವರೆಲ್ಲಾ ಇಳಿದು, ಟೈರಿನ ಗಾಳಿ ಇಳಿಸಿ, ಸಲಿಕೆಯಲ್ಲಿ ಅಗೆಯುತ್ತಿದ್ದರು. ಅವರಲ್ಲಿ ನಮ್ಮ ವಯಸ್ಸಿನ ಒಬ್ಬ ಹೆಂಗಸು ಬಿಸಿಲಲ್ಲಿ ಸುಮ್ನೆ ನಿಂತಿದ್ದರು. ಅಳಿಯಂದಿರು ಆಮೇಲೆ ಆ ಮಾತೇ ಎತ್ತಲಿಲ್ಲ. ಅನುಭವ ಇರುವವರು ಖುಷಿಯಾಗಿ ಓಡಿಸಲಿ. ಮೊದಲ ಸಲ ಹೋಗುವವರು, ಅದೂ ಹಿರಿಯರ ಜೊತೆ, ಬೇಡ.

ಟೂರ್ ಬಸ್ಸೆಂದರೆ ನಮ್ಮ ವೋಲ್ವೋ ತರಹ ಅಲ್ಲ. ಲಾರಿಯ ಹಾಗೆ ಎತ್ತರ, ದೊಡ್ಡ ಚಕ್ರ. ಓಡಿಸುವವರೇ ಗೈಡ್, ಮೈಕ್ ಹಾಕಿಕೊಂಡು ದಾರಿಯುದ್ದಕ್ಕೂ ಮಾತಾಡುತ್ತಾರೆ. ಬೆಳಿಗ್ಗೆ ಏಳರ ಸುಮಾರಿಗೆ ಹತ್ತಿಸಿಕೊಂಡರು, ರಿವರ್ ಹೆಡ್ಸ್ ಅನ್ನುವ ಕಡೆಯಿಂದ ದೋಣಿ. ಅದು ನಿಮ್ಮ ಬಸ್ಸನ್ನೂ ಹೊತ್ತುಕೊಂಡು ಹೋಗುವಷ್ಟು ದೊಡ್ಡದು. ಸಂಜೆ ಕತ್ತಲಾಗುವ ಹೊತ್ತಿಗೆ ವಾಪಸ್.

ದಯವಿಟ್ಟು ಇದೊಂದು ಮಾತು ಕೇಳಿ: ಹಿಂದಿನ ಸೀಟಿನಲ್ಲಿ ಕೂರಬೇಡಿ. ಕಾಡಿನೊಳಗೆ 30 ಕಿಲೋಮೀಟರ್ ವೇಗ ದಾಟುವುದಿಲ್ಲ, ಆದರೂ ಗುಂಡಿ ಬಿದ್ದಾಗ ಹಿಂದಿನವರು ಸೀಟು ಬಿಟ್ಟು ಮೇಲೇಳುತ್ತಾರೆ. ನಾನು ಹಿಂದೆ ಕೂತಿದ್ದೆ. ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯಿತು, ಹೊಟ್ಟೆ ತೊಳಸಿತು. ಡ್ರೈವರ್ ನೋಡಿ ಮುಂದಿನ ಸೀಟಿಗೆ ಬದಲಾಯಿಸಿ ಕೊಟ್ಟರು. ನೀವು ಬುಕ್ ಮಾಡುವಾಗಲೇ ‘ಅಮ್ಮನಿಗೆ ಮಂಡಿ ನೋವು, ಮುಂದಿನ ಸೀಟು ಬೇಕು’ ಅಂತ ಬರೆದುಬಿಡಿ. ಬಸ್ಸಿನ ಮೆಟ್ಟಿಲೂ ಎತ್ತರ. ಇಳಿಯುವಾಗ ಕೈ ಹಿಡಿದುಕೊಳ್ಳಿ.

ಊಟ ಯೂರಾಂಗ್ ಅನ್ನುವ ಜಾಗದಲ್ಲಿ. ಮೊಟ್ಟೆಯೂ ಇಲ್ಲದ ಸಸ್ಯಾಹಾರ ಬೇಕಿದ್ದರೆ ಮೊದಲೇ ಹೇಳಿ. ನಮಗೆ ಬ್ರೆಡ್ಡು, ಸಲಾಡು, ಹಣ್ಣು ಸಿಕ್ಕಿತು. ಮಗಳು ಪುಳಿಯೋಗರೆ ಕಟ್ಟಿಕೊಟ್ಟಿದ್ದು ಒಳ್ಳೆಯದಾಯಿತು.

ಈಗ ನೋಡಬೇಕಾದ್ದು. ಪಟ್ಟಿಯಲ್ಲಿ ನಾಲ್ಕೈದು ಜಾಗ ಇರುತ್ತದೆ. ನನ್ನ ಪ್ರಕಾರ ಎರಡು ಮಾತ್ರ ಮನಸ್ಸಲ್ಲಿ ಉಳಿಯುತ್ತವೆ, ಕೆರೆ ಮತ್ತು ಕಾಡು. ಎರಡೂ ಮರಳಿನ ಮೇಲೆ ಇರಬಾರದಂಥವು.

ಕೆರೆಯ ಹೆಸರು ಬೂರಂಗೂರಾ. ಲೇಕ್ ಮೆಕೆಂಜಿ ಅಂತಲೂ ಕರೆಯುತ್ತಾರೆ. ಸಮುದ್ರ ಮಟ್ಟಕ್ಕಿಂತ ಸುಮಾರು 100 ಮೀಟರ್ ಎತ್ತರದಲ್ಲಿ, ಮರಳು ದಿಬ್ಬದ ಮೇಲೆ ಕೂತಿದೆ. ಒಂದು ಹೊಳೆ ಬಂದು ಸೇರುವುದಿಲ್ಲ, ಒಂದು ತೊರೆ ಹೊರಗೆ ಹೋಗುವುದಿಲ್ಲ. ಬರೀ ಮಳೆ ನೀರು. ಮರಳಿಗೆ ನೀರು ಹಾಕಿದರೆ ಇಂಗಿ ಹೋಗಬೇಕು ಅಲ್ವಾ? ನಾನೂ ಇದನ್ನೇ ಕೇಳಿದೆ. ಗೈಡ್ ವಿವರಿಸಿದರು. ಸಾವಿರಾರು ವರ್ಷ ಎಲೆ, ತೊಗಟೆ ಬಿದ್ದು ಕೊಳೆತು, ಆ ಕಪ್ಪು ರಸ ಮರಳಿನೊಳಗೆ ಇಳಿದು, ಕಾಳು ಕಾಳನ್ನು ಅಂಟಿಸಿ ಗಟ್ಟಿ ತಳ ಮಾಡಿದೆ. ನಮ್ಮಲ್ಲಿ ಹೊಂಡದ ತಳಕ್ಕೆ ಜೇಡಿಮಣ್ಣು ತುಳಿದು ಮೆತ್ತುತ್ತಾರಲ್ಲ, ಹಾಗೆ. ನೀರು ಅದರ ಮೇಲೆ ನಿಂತಿದೆ. ದ್ವೀಪದಲ್ಲಿ ಸಿಹಿನೀರಿನ ಕೆರೆಗಳು 100ಕ್ಕೂ ಜಾಸ್ತಿ ಇವೆಯಂತೆ. ಅವುಗಳಲ್ಲಿ ಸುಮಾರು 40 ಹೀಗೆ ಮರಳ ಮೇಲೆ ಎತ್ತರದಲ್ಲಿ ನಿಂತವು.

ದಂಡೆಯ ಮರಳು ಅಕ್ಕಿ ಹಿಟ್ಟಿನಷ್ಟು ಬಿಳುಪು, ಅಷ್ಟೇ ನುಣುಪು. ನೀರು ದಂಡೆಯಲ್ಲಿ ಬಣ್ಣವೇ ಇಲ್ಲದ ಹಾಗೆ, ಆಮೇಲೆ ತಿಳಿ ಹಸಿರು, ನಡುವೆ ಕಡು ನೀಲಿ. ನಾನು ಸೀರೆ ಬಿಟ್ಟು ಚೂಡಿದಾರದಲ್ಲಿ ಹೋಗಿದ್ದೆ, ಸೊಂಟದ ತನಕ ಇಳಿದೆ. ಕಾಲಿನ ಉಗುರು ಸಹ ಕಾಣುತ್ತಿತ್ತು. ನೀರಿಗೆ ಸ್ವಲ್ಪ ಆಮ್ಲ ಗುಣ ಇರುವುದರಿಂದ ಮೀನು ಕೂಡ ತೀರಾ ಕಡಿಮೆ. ಸನ್‌ಸ್ಕ್ರೀನ್ ಹಚ್ಚಿಕೊಂಡು, ತಲೆಗೆ ಎಣ್ಣೆ ಇಟ್ಟುಕೊಂಡು ಇಳಿಯಬೇಡಿ. ಆ ಕೆರೆಗೆ ಹೊರಗೆ ಹರಿಯುವ ದಾರಿ ಇಲ್ಲ. ನಾವು ಬಿಟ್ಟಿದ್ದು ಅಲ್ಲೇ ಉಳಿಯುತ್ತದೆ. ದಂಡೆಯಲ್ಲಿ ತಿಂಡಿ ತಿನ್ನುವ ಹಾಗೂ ಇಲ್ಲ, ಅದಕ್ಕೆ ಬೇಲಿ ಹಾಕಿದ ಜಾಗ ಬೇರೆ ಇದೆ.

ಬೇಲಿ ಯಾಕೆಂದರೆ ಡಿಂಗೋ ಅನ್ನುವ ಕಾಡು ನಾಯಿ. ಅಲ್ಲಿನ ಜನ ವೊಂಗಾರಿ ಅನ್ನುತ್ತಾರೆ. ನೋಡಲು ನಮ್ಮ ಬೀದಿಯ ಕಂದು ನಾಯಿಯ ಹಾಗೇ ಇದೆ, ಅದೇ ಅಪಾಯ. ನಮ್ಮವರಿಗೆ ನಾಯಿ ಹತ್ತಿರ ಬಂದರೆ ಬಿಸ್ಕತ್ತು ಹಾಕುವುದು ಪುಣ್ಯದ ಕೆಲಸ. ಅಲ್ಲಿ ಹಾಕಿದರೆ ದೊಡ್ಡ ದಂಡ. ದಂಡಕ್ಕಿಂತ ಹೆಚ್ಚಾಗಿ, ಮನುಷ್ಯರ ಕೈ ತಿಂಡಿಗೆ ಒಗ್ಗಿದ ಡಿಂಗೋ ಮುಂದೆ ಮೈಮೇಲೆ ಬೀಳುತ್ತದೆ. 2001ರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನ ಪ್ರಾಣ ಹೋಗಿದೆ. ಜೊತೆಯಲ್ಲಿ ಮಕ್ಕಳಿದ್ದರೆ ಕೈಗೆಟಕುವ ದೂರದಲ್ಲೇ ಇರಲಿ. ಕಂಡರೆ ಓಡಬಾರದು, ಒಬ್ಬರೇ ನಡೆಯಬಾರದು.

ಕಾಡು ಇರುವುದು ಸೆಂಟ್ರಲ್ ಸ್ಟೇಷನ್ ಹತ್ತಿರ. ರೈಲ್ವೆ ಸ್ಟೇಷನ್ ಅಲ್ಲ, ಹಿಂದೆ ಮರ ಕಡಿಯುವವರ ಬಿಡಾರ. ದ್ವೀಪದಲ್ಲಿ 1860ರ ದಶಕದಿಂದ 1991ರ ತನಕ ಮರ ಕಡಿದರು. ಇಲ್ಲಿನ ಸ್ಯಾಟಿನೇ ಮರಕ್ಕೆ ಕಡಲ ಹುಳ ಹಿಡಿಯುವುದಿಲ್ಲ ಅಂತ ಸೂಯೆಜ್ ಕಾಲುವೆಯ ಕೆಲಸಕ್ಕೂ ಒಯ್ದರಂತೆ. ಈಗ ಕಡಿಯುವುದು ನಿಂತಿದೆ. ಬರೀ ಮರಳಿನ ಮೇಲೆ ಮಳೆಕಾಡು ಹೇಗೆ ಬೆಳೆಯಿತು ಅನ್ನುವುದಕ್ಕೂ ಕಾರಣ ಇದೆ. ಬೇರಿನ ಜೊತೆ ಬಾಳುವ ಅಣಬೆ ಜಾತಿಯ ಎಳೆಗಳು ಮರಳಿನಿಂದ ಸಾರ ಹೀರಿ ಗಿಡಕ್ಕೆ ಕೊಡುತ್ತವೆ. ಬಿದ್ದ ಎಲೆಯೇ ಮತ್ತೆ ಗೊಬ್ಬರ.

ಅಲ್ಲಿ ವಂಗೂಲ್ಬಾ ಅನ್ನುವ ತೊರೆ ಪಕ್ಕದಲ್ಲಿ ಹಲಗೆಯ ಹಾದಿ ಇದೆ, ನಡುವೆ ಮೆಟ್ಟಿಲುಗಳೂ ಇವೆ. ನಾನು ಬಗ್ಗಿ ನೋಡಿದರೆ ಬರೀ ಬಿಳಿ ಮರಳಿನ ಹಾದಿ ಕಂಡಿತು. ‘ತೊರೆ ಎಲ್ಲಿ?’ ಅಂತ ಮಗಳನ್ನು ಕೇಳಿದೆ. ಅಷ್ಟರಲ್ಲಿ ಮೇಲಿನಿಂದ ಒಂದು ಎಲೆ ಬಿತ್ತು, ನೆಲ ಮುಟ್ಟದೆ ತೇಲಿಕೊಂಡು ಹೋಯಿತು. ಆಗ ಗೊತ್ತಾಯಿತು, ಅಲ್ಲಿ ನೀರು ಹರಿಯುತ್ತಿದೆ ಅಂತ. ಒಂದು ಚೂರೂ ಸದ್ದಿಲ್ಲ. ಕಲ್ಲಿಲ್ಲದ ಕಡೆ ನೀರು ಯಾವುದಕ್ಕೆ ಬಡಿದು ಸದ್ದು ಮಾಡಬೇಕು? ಕಾವೇರಿ ದಂಡೆಯಲ್ಲಿ ಹುಟ್ಟಿ ಬೆಳೆದವಳು ನಾನು, ಹರಿಯುವ ನೀರು ಇಷ್ಟು ಸುಮ್ಮನಿರುವುದನ್ನು ಎಂದೂ ನೋಡಿರಲಿಲ್ಲ. ಅಮ್ಮನಿಗೆ ಪೂರ್ತಿ ನಡೆಯಲು ಆಗದಿದ್ದರೂ ಈ ತೊರೆಯ ತನಕ ಕರೆದುಕೊಂಡು ಹೋಗಿ.

ಉಳಿದ ಜಾಗಗಳೂ ಚೆನ್ನಾಗಿವೆ. ಪೂರ್ವ ದಿಕ್ಕಿನ 75 ಮೈಲ್ ಬೀಚ್ ಮೇಲೆ ಬಸ್ಸು 80ರ ವೇಗದಲ್ಲಿ ಓಡುತ್ತದೆ, ಸಣ್ಣ ವಿಮಾನಗಳೂ ಅಲ್ಲೇ ಇಳಿಯುತ್ತವೆ. ಮಹೇನೋ ಅನ್ನುವ ಹಳೇ ಹಡಗು ತುಕ್ಕು ಹಿಡಿದು ನಿಂತಿದೆ. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗಾಗಿದ್ದ ಅದನ್ನು 1935ರಲ್ಲಿ ಗುಜರಿಗೆ ಅಂತ ಜಪಾನಿಗೆ ಎಳೆದುಕೊಂಡು ಹೋಗುವಾಗ ಚಂಡಮಾರುತಕ್ಕೆ ಸಿಕ್ಕಿ ಇಲ್ಲಿ ಬಿತ್ತು. ಈಲೈ ಕ್ರೀಕ್‌ನಲ್ಲಿ ತಣ್ಣನೆಯ ಸಿಹಿನೀರು ಸಮುದ್ರಕ್ಕೆ ಹರಿಯುತ್ತದೆ, ಗಂಟೆಗೆ 40 ಲಕ್ಷ ಲೀಟರ್ ತನಕ. ಮಕ್ಕಳು ಅದರಲ್ಲಿ ತೇಲುತ್ತಾರೆ. ಅಮ್ಮ ಅಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಆದರೆ ಸಮುದ್ರಕ್ಕೆ ಮಾತ್ರ ಯಾರೂ ಇಳಿಯಬೇಡಿ. ಸೆಳೆತ ಜೋರು, ಶಾರ್ಕ್‌ಗಳಿವೆ, ಕಾಯುವವರು ಯಾರೂ ಇರುವುದಿಲ್ಲ.

ಇನ್ನು ನಿಮ್ಮ ಅಪ್ಪನ ಮಾತು. ಬಸ್ಸಿನಲ್ಲಿ ಗೈಡ್ ಬುಚುಲ್ಲಾ ಜನರ ಕಥೆ ಹೇಳಿದರು. ಕ್‌ಗಾರಿ ಅನ್ನುವವಳು ಮೇಲಿನ ಲೋಕದ ಹೆಣ್ಣು. ಯಿಂಡಿಂಗೀ ಎಂಬುವನ ಜೊತೆ ಈ ನೆಲ, ಈ ಕಡಲು ಮಾಡಲು ಬಂದಿದ್ದಳು. ಕೆಲಸ ಮುಗಿದ ಮೇಲೆ ಅವಳಿಗೆ ವಾಪಸ್ ಹೋಗಲು ಮನಸ್ಸಾಗಲಿಲ್ಲ, ಇಲ್ಲೇ ಇರುತ್ತೇನೆ ಅಂದಳು. ಅವನು ಅವಳನ್ನೇ ದ್ವೀಪ ಮಾಡಿದ. ಮೈಗೆ ಮರ ಹೊದಿಸಿದ. ತನ್ನ ಲೋಕವನ್ನು ನೋಡುತ್ತಿರಲಿ ಅಂತ ಕೆರೆಗಳನ್ನು ಕಣ್ಣುಗಳಾಗಿ ಕೊಟ್ಟ.

ನನಗೆ ಕೂಡಲೇ ನಮ್ಮ ಅಲಮೇಲಮ್ಮ ನೆನಪಾದಳು. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ.’ ಅಜ್ಜಿ ಈ ಮಾತು ಹೇಳುವಾಗ ದನಿ ತಗ್ಗಿಸುತ್ತಿದ್ದರು. ನಮ್ಮ ಕಡೆ ಮರಳೆಂದರೆ ಒಬ್ಬ ಹೆಂಗಸಿನ ಸಂಕಟ. ಗುಡಿಗಳನ್ನು ಮುಚ್ಚಿದ್ದು, ಊರು ಬಿಡಿಸಿದ್ದು. ಅಲ್ಲಿ ಮರಳೆಂದರೆ ಒಬ್ಬಳು ಇಷ್ಟಪಟ್ಟು ಉಳಿದುಕೊಂಡಿದ್ದು. ಅದೇ ಮರಳು, ಕಾಡನ್ನೂ ಕೆರೆಯನ್ನೂ ಹೊತ್ತುಕೊಂಡಿದೆ. ನಾನು ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ತಲಕಾಡು ನೋಡಿದವರು ಅಲ್ಲಿಗೆ ಹೋದರೆ ಬೇರೆಯವರಿಗಿಂತ ಜಾಸ್ತಿ ಕಾಣುತ್ತದೆ ಅಂತ ನಿಮ್ಮ ಅಪ್ಪನಿಗೆ ಹೇಳಿ.

ಕೆರೆ ದಂಡೆಯಿಂದ ಒಂದು ಹಿಡಿ ಮರಳು ತಂದು ತಲಕಾಡಿನಲ್ಲಿ ಹಾಕೋಣ ಅಂತ ಸೆರಗಿಲ್ಲದ್ದಕ್ಕೆ ದುಪಟ್ಟಾದ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದೆ. ನ್ಯಾಷನಲ್ ಪಾರ್ಕಿನಿಂದ ಏನೂ ಒಯ್ಯುವ ಹಾಗಿಲ್ಲ ಅಂತ ಮಗಳು ಹೇಳಿದಳು. ಗಂಟು ಬಿಚ್ಚಿ ಅಲ್ಲೇ ಸುರಿದು ಬಂದೆ.

ಮರೆತಿದ್ದೆ. ನೀವು ಹೋಗುವ ಅಕ್ಟೋಬರ್‌ನಲ್ಲಿ ಹಾರ್ವಿ ಬೇ ಕಡೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿಗಳ ಜೊತೆ ಇನ್ನೂ ಇರುತ್ತವೆ, ತಿಂಗಳ ಕೊನೆಗೆ ಕಡಿಮೆಯಾಗುತ್ತವೆ. ರಜೆ ಇನ್ನೊಂದು ದಿನ ಸಿಕ್ಕರೆ ಮಾರನೇ ಬೆಳಿಗ್ಗೆ ದೋಣಿ ಹತ್ತಿ. ದೋಣಿಯಲ್ಲಿ ಅಮ್ಮ ಕೂತಲ್ಲೇ ನೋಡಬಹುದು, ಮಂಡಿಗೆ ಕೆಲಸ ಇಲ್ಲ.