ಅಮ್ಮನ ಸೀರೆ ಕತ್ತರಿಸದೇ ಲೆಹೆಂಗಾ

ಪ್ರಶ್ನೆ: ಅಕ್ಕಾ, ನವೆಂಬರ್‌ನಲ್ಲಿ ನನ್ನ ಮದುವೆ. ಧಾರೆ ಸೀರೆ ಆಗಲೇ ತಂದಾಗಿದೆ. ಆರತಕ್ಷತೆಗೆ ಲೆಹೆಂಗಾ ಹಾಕಬೇಕೆಂದು ಆಸೆ. ಅಂಗಡಿಯಲ್ಲಿ ಇಷ್ಟವಾದದ್ದಕ್ಕೆ 38 ಸಾವಿರ ಹೇಳಿದರು. ನನ್ನ ಹತ್ತಿರ ಇರುವುದು 15 ಸಾವಿರ. ಅಮ್ಮನ ಮದುವೆಯ ಮೈಸೂರು ಸಿಲ್ಕ್ ಇದೆ, ಕೆಂಪು ಬಣ್ಣ, ಸಣ್ಣ ಅಂಚು. ಅದರಲ್ಲೇ ಹೊಲಿಸೋಣ ಅಂದರೆ ಕತ್ತರಿ ಹಾಕಲು ಅಮ್ಮನಿಗೆ ಮನಸ್ಸಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಂಗಿ, ಅಮ್ಮನ ಮಾತು ಸರಿ. ಕತ್ತರಿ ಬೇಡವೇ ಬೇಡ. ನಾನು ಮೈಸೂರಿನಲ್ಲಿ 26 ವರ್ಷದಿಂದ ಹೊಲಿಯುತ್ತಿದ್ದೇನೆ. ಹಳೇ ಸೀರೆ ಕತ್ತರಿಸಿದ ಮೇಲೆ ಅತ್ತ ತಾಯಂದಿರನ್ನು ನೋಡಿದ್ದೇನೆ. ಈಗ ಇಡೀ ಸೀರೆಯನ್ನೇ ನೆರಿಗೆ ಹಿಡಿದು ಸೊಂಟದ ಪಟ್ಟಿಗೆ ಕೂರಿಸುತ್ತೇನೆ.

ಹೇಗೆ ಅಂದರೆ, ಸೀರೆಯ ಅಗಲ ಸುಮಾರು 46 ಇಂಚು ಇರುತ್ತದೆ. ನಿನಗೆ ಸೊಂಟದಿಂದ ಪಾದದವರೆಗೆ 40 ಅಥವಾ 41 ಇಂಚು ಬೇಕಾಗಬಹುದು. ಉಳಿದ ಐದಾರು ಇಂಚು, ಅಂದರೆ ಮೇಲಿನ ಅಂಚಿನ ಭಾಗ, ಸೊಂಟದ ಹತ್ತಿರ ಒಳಕ್ಕೆ ಮಡಚಿಕೊಳ್ಳುತ್ತದೆ. ಕೆಳಗಿನ ಅಂಚು ಸುತ್ತಲೂ ತಾನಾಗಿಯೇ ಬಾರ್ಡರ್ ಆಗುತ್ತದೆ. ಐದೂವರೆ ಮೀಟರ್ ಉದ್ದ ಇರುವುದರಿಂದ ಘೇರಿಗೆ, ಅಂದರೆ ಲಂಗದ ಕೆಳಸುತ್ತಿಗೆ, ಕೊರತೆಯೇ ಇಲ್ಲ. ಮದುವೆ ಮುಗಿದ ಮೇಲೆ ಹೊಲಿಗೆ ಬಿಚ್ಚಿ ಇಸ್ತ್ರಿ ಹಾಕಿಸಿದರೆ ಮತ್ತೆ ಸೀರೆ. ಇದು ಕಾಂಚೀಪುರಂ ಸೀರೆಯಾಗಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ. ಅದು ದಪ್ಪ, ಸೊಂಟದಲ್ಲಿ ಉಬ್ಬಿಕೊಳ್ಳುತ್ತದೆ. ಮೈಸೂರು ಸಿಲ್ಕ್ ಕ್ರೇಪ್ ಅಲ್ವಾ, ನೆರಿಗೆ ಮೇಲೆ ನೆರಿಗೆ ಬಂದರೂ ಮೆತ್ತಗೆ ಇಳಿಯುತ್ತದೆ.

ಟೈಲರಿಗೆ ಕೊಡುವ ಮೊದಲು ಸೀರೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳಿಹೋಗಬಹುದು. ಮಡಿಕೆ ಗೆರೆಯ ಎರಡೂ ಕಡೆ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆ. ಎಳೆಗಳು ಬಿಟ್ಟುಕೊಂಡು ಜಾಲರಿಯ ಹಾಗೆ ಕಂಡರೆ ಆ ಸೀರೆ ಲೆಹೆಂಗಾದ ಭಾರ ತಾಳುವುದಿಲ್ಲ, ಬಿಟ್ಟುಬಿಡು. ಹೆಗಲ ಹತ್ತಿರ ಪಿನ್ನಿನ ತೂತುಗಳಿದ್ದರೆ ಚಿಂತೆಯಿಲ್ಲ, ನೆರಿಗೆಯೊಳಗೆ ಮುಚ್ಚಿಹೋಗುತ್ತವೆ.

ಟೈಲರಿಗೆ ಮೂರು ಮಾತು ಬಿಡಿಸಿ ಹೇಳು. ಸೂಜಿ 11ನೇ ನಂಬರಿನದೇ ಇರಲಿ, ಒಂದೊಂದು ಹೊಲಿಗೆಯೂ ಉದ್ದುದ್ದ ಬರಲಿ. ಆಗ ಬಿಚ್ಚುವಾಗ ಗುರುತು ಅಷ್ಟಾಗಿ ಉಳಿಯುವುದಿಲ್ಲ. ಕ್ಯಾನ್‌ಕ್ಯಾನ್ ನೆಟ್ (ಲಂಗ ಉಬ್ಬಿ ನಿಲ್ಲಲು ಒಳಗೆ ಹಾಕುವ ಗಟ್ಟಿ ಬಲೆ ಬಟ್ಟೆ) ಒಂದೇ ಪದರ ಸಾಕು. ಅದಕ್ಕೂ ರೇಷ್ಮೆಗೂ ನಡುವೆ ಲೈನಿಂಗ್ ಇರಲೇಬೇಕು, ಇಲ್ಲದಿದ್ದರೆ ನೆಟ್ ಚುಚ್ಚಿ ಕ್ರೇಪ್ ಎಳೆ ಕೀಳುತ್ತದೆ.

ಖರ್ಚಿನ ಲೆಕ್ಕ ನನ್ನ ಅಂಗಡಿಯದ್ದೇ ಕೊಡುತ್ತೇನೆ. ಲಂಗದ ಹೊಲಿಗೆ, ಲೈನಿಂಗ್, ನೆಟ್ ಸೇರಿ 3,500. ಬ್ಲೌಸಿಗೆ ಒಂದು ಮೀಟರ್ ರಾ ಸಿಲ್ಕ್ 800, ಹೊಲಿಗೆ 1,200. ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯ ಕಸೂತಿ, 3,500. ಎರಡೂವರೆ ಮೀಟರ್ ಆರ್ಗನ್ಜಾ ದುಪಟ್ಟಾ, ಲೇಸ್ ಸೇರಿ 1,300. ಸೀರೆಗೆ ಡ್ರೈಕ್ಲೀನ್ 400. ಎಲ್ಲಾ ಸೇರಿ 10,700. ನಿಮ್ಮ ಊರಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಉಳಿದದ್ದರಲ್ಲಿ ಚಪ್ಪಲಿ ತಗೋ, ಸ್ವಲ್ಪ ಕೈಯಲ್ಲಿ ಇಟ್ಟುಕೋ.

ಆರಿ ವರ್ಕ್ ತೋಳಿನ ತುದಿಗೆ ಮತ್ತು ಬೆನ್ನಿನ ಕುತ್ತಿಗೆಗೆ ಮಾತ್ರ ಮಾಡಿಸು. ಮುಂದೆ ಎದೆ ತುಂಬಾ ಮಾಡಿಸಿದರೆ ದುಪಟ್ಟಾ ಹಾಕಿದ ಮೇಲೆ ಕಾಣುವುದೇ ಇಲ್ಲ, ಹಾರದ ಕೆಳಗೆ ಮುತ್ತುಗಳು ಉದುರುತ್ತವೆ, ದುಡ್ಡು ಮಾತ್ರ ದುಪ್ಪಟ್ಟು.

ನಾನು ಜಿಪುಣತನ ಬೇಡ ಅನ್ನುವುದು ಬ್ಲೌಸಿನ ಅಳತೆಗೆ ಮಾತ್ರ. ಒಮ್ಮೆ ಮದುವೆಯ ಹಿಂದಿನ ದಿನ ಸಂಜೆ ಒಬ್ಬ ಹುಡುಗಿ ಬೇರೆ ಕಡೆ ಹೊಲಿಸಿದ ಬ್ಲೌಸ್ ಹಿಡಿದು ಬಂದಳು. ಕೈ ಎತ್ತಲು ಆಗುತ್ತಿರಲಿಲ್ಲ. ಒಳಗೆ ಬಿಡಿಸೋಣ ಅಂದರೆ ಕಾಲಿಂಚು ಬಟ್ಟೆಯೂ ಇರಲಿಲ್ಲ. ಕಂಕುಳಿಗೆ ಬೇರೆ ಬಟ್ಟೆಯ ತುಂಡು ಕೊಟ್ಟು ರಾತ್ರಿ ಹನ್ನೊಂದಕ್ಕೆ ಮುಗಿಸಿದೆ. ಆ ಮಗುವಿನ ಮುಖ ಇನ್ನೂ ಕಣ್ಣಲ್ಲಿದೆ. ಅದಕ್ಕೇ ಹೇಳುತ್ತೇನೆ, ಎರಡೂ ಪಕ್ಕ ಒಂದೊಂದು ಇಂಚು ಒಳಗೆ ಬಿಡಲು ಹೇಳು. ಆರಿ ಕೆಲಸ ಶುರುವಾಗುವ ಮೊದಲು ಸಾದಾ ಕಾಟನ್ನಿನಲ್ಲಿ ಒಂದು ಬ್ಲೌಸ್ ಹೊಲಿಸಿ ಹಾಕಿ ನೋಡು. ಲಂಗದ ಟ್ರಯಲ್‌ಗೆ ಹೋಗುವಾಗ ಅವತ್ತು ಹಾಕುವ ಹೀಲ್ಸ್ ಚಪ್ಪಲಿಯನ್ನೇ ಹಾಕಿಕೊಂಡು ಹೋಗು.

ಈಗ ಆಷಾಢ. ಮದುವೆಗಳಿಲ್ಲ, ಟೈಲರುಗಳಿಗೂ ಆರಿ ಕೆಲಸದವರಿಗೂ ಬಿಡುವಿದೆ. ಶ್ರಾವಣ ಬಂತೆಂದರೆ ನಮಗೆ ತಲೆ ಎತ್ತಲೂ ಸಮಯ ಇರುವುದಿಲ್ಲ. ಮನೆಯಲ್ಲಿ ಹಿರಿಯರು ಆಷಾಢದಲ್ಲಿ ಮದುವೆ ಬಟ್ಟೆ ಬೇಡ ಅಂದರೆ, ಟೈಲರ್ ಹತ್ತಿರ ಮಾತಾಡಿ ದಿನ ಗೊತ್ತು ಮಾಡಿಕೊಂಡಾದರೂ ಬಾ.

ಕೊಡುವ ಮೊದಲು ಸೀರೆಯ ಹಳೇ ಫಾಲ್ ಬಿಚ್ಚಬೇಕು. ಅದು ಎಷ್ಟೋ ಸಲ ಕುಗ್ಗಿ ಅಂಚನ್ನು ಸುಕ್ಕು ಮಾಡಿರುತ್ತದೆ. ಬ್ಲೇಡ್ ಬೇಡ, ಸೂಜಿ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿ. ಆ ಕೆಲಸ ಅಮ್ಮನಿಗೇ ಕೊಡು. ಡಿಸೆಂಬರ್‌ನಲ್ಲಿ ಸೀರೆ ಅವರ ಬೀರುವಿಗೆ ವಾಪಸ್ ಬರುತ್ತದೆ ಅಂತ ನಾನು ಹೇಳಿದೆ ಅಂತಲೂ ಹೇಳು.