ನೆಲ ನಡುಗಿದರೆ ಸೈರನ್‌ಗೆ ಕಾಯಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಭೂಕಂಪ ಮತ್ತು ಸುನಾಮಿ ಬಗ್ಗೆಯೇ ಇವೆ. ಒಂದೇ ತರಹದವನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಸಮುದ್ರದಡಿ ಭೂಕಂಪ ಅಂತ ಸುದ್ದಿ ಬಂದ ತಕ್ಷಣ ಸುನಾಮಿ ಬರುತ್ತೆ ಅಂತ ಮೆಸೇಜ್‌ಗಳು ಹರಿದಾಡುತ್ತವೆ. ಎಷ್ಟೋ ಸಲ ಏನೂ ಆಗುವುದಿಲ್ಲ. ಯಾಕೆ?

ಉತ್ತರ: ಸುನಾಮಿ ಏಳುವುದಕ್ಕೆ ನೆಲ ನಡುಗಿದರೆ ಸಾಲದು. ಸಮುದ್ರದ ತಳ ಮೇಲೆ ಕೆಳಗೆ ಆಗಬೇಕು.

ಭೂಮಿಯ ಹೊರಪದರ ದೊಡ್ಡ ದೊಡ್ಡ ಪ್ಲೇಟುಗಳಾಗಿ ಒಡೆದಿದೆ ಅಲ್ವಾ, ಅವು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತಲೇ ಇರುತ್ತವೆ. ಕೆಲವು ಕಡೆ ಒಂದು ಪ್ಲೇಟು ಇನ್ನೊಂದರ ಅಡಿಗೆ ನುಗ್ಗುತ್ತದೆ. ನುಗ್ಗುವಾಗ ಎರಡೂ ಕಚ್ಚಿಕೊಂಡುಬಿಡುತ್ತವೆ. ಕೆಳಗಿನದು ಎಳೆಯುವುದನ್ನು ನಿಲ್ಲಿಸುವುದಿಲ್ಲ, ಮೇಲಿನದರ ಅಂಚು ಬಿಲ್ಲಿನ ಹಾಗೆ ಬಾಗುತ್ತಾ ಹೋಗುತ್ತದೆ, ನೂರಾರು ವರ್ಷ ಹೀಗೇ ನಡೆದು ಒಂದು ದಿನ ಆ ಹಿಡಿತ ತಪ್ಪುತ್ತದೆ. ಬಾಗಿದ ಅಂಚು ಚಿಮ್ಮಿ ಮೇಲೇಳುತ್ತದೆ. ತಳದಿಂದ ಮೇಲಿನವರೆಗಿನ ನೀರನ್ನೆಲ್ಲ ಒಂದೇ ಸಲಕ್ಕೆ ಎತ್ತುತ್ತದೆ. 2004ರ ಡಿಸೆಂಬರ್ 26ರಂದು ಆಗಿದ್ದು ಇದೇ. ಸುಮಾತ್ರಾದಿಂದ ಅಂಡಮಾನ್ ಕಡೆಗೆ ಸಾವಿರ ಕಿಲೋಮೀಟರಿಗೂ ಉದ್ದಕ್ಕೆ ನೆಲ ಸೀಳಿತು. ಭೂಕಂಪದ ಪ್ರಮಾಣ 9.1. ಸತ್ತವರು 2 ಲಕ್ಷಕ್ಕೂ ಹೆಚ್ಚು.

ಅದೇ ಸುಮಾತ್ರಾದ ಬಳಿ 2012ರ ಏಪ್ರಿಲ್ 11ರಂದು 8.6ರ ಭೂಕಂಪ ಆಯಿತು. ಅದೂ ಸಣ್ಣದೇನಲ್ಲ. ಆದರೆ ಅಲ್ಲಿ ನೆಲ ಅಕ್ಕಪಕ್ಕಕ್ಕೆ ಜಾರಿತು, ಮೇಲೇಳಲಿಲ್ಲ. ದೊಡ್ಡ ಸುನಾಮಿ ಬರಲಿಲ್ಲ.

ಭೂಕಂಪವೇ ಇಲ್ಲದೆಯೂ ಸುನಾಮಿ ಬರಬಹುದು, ಇದು ಇನ್ನೂ ಕಷ್ಟದ್ದು. 2018ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಅನಕ್ ಕ್ರಕಟೋವಾ ಜ್ವಾಲಾಮುಖಿಯ ಒಂದು ಮಗ್ಗುಲು ಕುಸಿದು ಸಮುದ್ರಕ್ಕೆ ಬಿತ್ತು. ರಾತ್ರಿ ಹೊತ್ತು, ನೆಲ ನಡುಗಿದ ಸೂಚನೆಯೇ ಇಲ್ಲ, ಸೈರನ್ ಇಲ್ಲ. 400ಕ್ಕೂ ಹೆಚ್ಚು ಜನ ತೀರಿಕೊಂಡರು.

ಪ್ರಶ್ನೆ: ಸುನಾಮಿ ಹೋಗುವಾಗ ನಡುಸಮುದ್ರದ ಹಡಗಿನವರಿಗೆ ಗೊತ್ತೇ ಆಗಲ್ಲವಂತೆ, ನಿಜವಾ?

ಉತ್ತರ: ನಿಜ. ಆಳ ಸಮುದ್ರದಲ್ಲಿ ಅದರ ಎತ್ತರ ಸಾಮಾನ್ಯವಾಗಿ ಒಂದು ಮೀಟರ್ ಕೂಡ ಇರುವುದಿಲ್ಲ, ಉದ್ದ ಮಾತ್ರ ನೂರಾರು ಕಿಲೋಮೀಟರ್. 4,000 ಮೀಟರ್ ಆಳದಲ್ಲಿ ಅದರ ವೇಗ ಗಂಟೆಗೆ ಸುಮಾರು 700 ಕಿ.ಮೀ. ದಡದ ಹತ್ತಿರ ಆಳ ಕಡಿಮೆಯಾದಂತೆ ಮುಂದಿನ ನೀರು ನಿಧಾನವಾಗುತ್ತದೆ, ಹಿಂದಿನದು ಬಂದು ಒತ್ತುತ್ತದೆ, ಎತ್ತರ ಏರುತ್ತದೆ. ಆಗಲೂ ವೇಗ ಗಂಟೆಗೆ 30-40 ಕಿ.ಮೀ. ಇರುತ್ತದೆ. ನೋಡಿದ ಮೇಲೆ ಓಡೋಣ ಅಂದುಕೊಂಡರೆ ಆಗುವುದಿಲ್ಲ. ಅದು ಬಂದು ಒಡೆದು ವಾಪಸ್ ಹೋಗುವ ಅಲೆ ಅಲ್ಲ. ಹತ್ತಾರು ನಿಮಿಷ ಒಳಕ್ಕೆ ನುಗ್ಗುತ್ತಲೇ ಇರುವ ಪ್ರವಾಹ, ಜೊತೆಗೆ ಮರ, ವಾಹನ, ಗೋಡೆಯ ತುಂಡು ಎಲ್ಲವನ್ನೂ ಹೊತ್ತು ತರುತ್ತದೆ.

ಪ್ರಶ್ನೆ: ಮುಂದಿನ ದೊಡ್ಡ ಭೂಕಂಪದ ದಿನ ವಿಜ್ಞಾನಿಗಳಿಗೆ ಗೊತ್ತಿದೆ, ಜನ ಗಾಬರಿಯಾಗುತ್ತಾರೆ ಅಂತ ಹೇಳುತ್ತಿಲ್ಲ ಎಂದು ಓದಿದೆ. ಹೌದಾ?

ಉತ್ತರ: ಖಂಡಿತ ಇಲ್ಲ. ಯಾವ ಭಾಗದಲ್ಲಿ ಅಪಾಯ ಜಾಸ್ತಿ ಅಂತ ಹೇಳಬಹುದು. ದಿನ, ಸಮಯ, ಜಾಗ ಮೂರನ್ನೂ ಹೇಳುವ ವಿಧಾನ ಇವತ್ತಿಗೂ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. 1975ರಲ್ಲಿ ಚೀನಾದ ಹೈಚೆಂಗ್‌ನಲ್ಲಿ ಸಣ್ಣ ಸಣ್ಣ ಕಂಪನಗಳು ಮೊದಲೇ ಶುರುವಾಗಿದ್ದರಿಂದ ಜನರನ್ನು ಹೊರಗೆ ಕಳಿಸಿದರು, ತುಂಬಾ ಜೀವ ಉಳಿಯಿತು. ಇನ್ನೇನು ಗುಟ್ಟು ಸಿಕ್ಕಿತು ಅನ್ನುವಷ್ಟರಲ್ಲಿ, ಮರುವರ್ಷವೇ ಅದೇ ದೇಶದ ಟಾಂಗ್‌ಶಾನ್ ನಗರ ಯಾವ ಸೂಚನೆಯೂ ಇಲ್ಲದೆ ನೆಲಸಮವಾಯಿತು. ಸರ್ಕಾರದ ಲೆಕ್ಕದಲ್ಲೇ 2.4 ಲಕ್ಷ ಜನ ಸತ್ತರು. ಹಾಗಾಗಿ ಇಂಥ ದಿನ ಭೂಕಂಪ ಅಂತ ಮೆಸೇಜ್ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಸುಳ್ಳು ಸುದ್ದಿ ಕೇಳಿ ಕೇಳಿ ಬೇಸತ್ತವರು ನಿಜವಾದ ಎಚ್ಚರಿಕೆ ಬಂದಾಗ ಏಳುವುದಿಲ್ಲ.

ಪ್ರಶ್ನೆ: ಹಾಗಾದರೆ ಫೋನಿಗೆ ಬರುವ ಭೂಕಂಪದ ಅಲರ್ಟ್ ಏನು?

ಉತ್ತರ: ಅದು ಭವಿಷ್ಯ ಅಲ್ಲ. ಭೂಕಂಪ ಆಗಲೇ ಶುರುವಾಗಿರುತ್ತದೆ. ಮೊದಲು ಹೊರಡುವ ಕಂಪನ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಹೆಚ್ಚು ಹಾನಿ ಮಾಡುವುದು ಅದರ ಹಿಂದೆ ಮೂರೂವರೆ ಕಿ.ಮೀ. ವೇಗದಲ್ಲಿ ಬರುವ ಇನ್ನೊಂದು. ಮೊದಲನೆಯದನ್ನು ಯಂತ್ರ ಹಿಡಿದು ಸುದ್ದಿ ಕಳಿಸುತ್ತದೆ. ನಿಮಗೆ ಸಿಗುವುದು ಕೆಲವು ಸೆಕೆಂಡು, ದೂರ ಇದ್ದರೆ ಇನ್ನೂ ಸ್ವಲ್ಪ. ಕೇಂದ್ರದ ಪಕ್ಕದಲ್ಲೇ ಇದ್ದರೆ ಅದೂ ಇಲ್ಲ. ಆದರೆ 2011ರಲ್ಲಿ ಜಪಾನಿನ ಬುಲೆಟ್ ರೈಲುಗಳಿಗೆ ಬ್ರೇಕ್ ಬೀಳಲು ಅಷ್ಟು ಹೊತ್ತು ಸಾಕಾಯಿತು.

ಸುನಾಮಿಯಲ್ಲಿ ಸಮಯ ಜಾಸ್ತಿ ಸಿಗಬಹುದು. ಸಮುದ್ರದ ತಳದಲ್ಲಿ ಕೂರಿಸಿದ ಒತ್ತಡದ ಯಂತ್ರಗಳು ಮೇಲೆ ನೀರು ಒಂದು ಸೆಂಟಿಮೀಟರ್ ಏರಿದರೂ ಹಿಡಿಯುತ್ತವೆ. ಪೆಸಿಫಿಕ್‌ನಲ್ಲಿ ಎಚ್ಚರಿಕೆ ಕೇಂದ್ರ 1949ರಿಂದಲೇ ಇದೆ. ಹಿಂದೂ ಮಹಾಸಾಗರಕ್ಕೆ 2004ರಲ್ಲಿ ಏನೂ ಇರಲಿಲ್ಲ. ಅಲೆ ತಮಿಳುನಾಡಿನ ಕರಾವಳಿ ಮುಟ್ಟುವುದಕ್ಕೆ ಎರಡು ಗಂಟೆ ಹಿಡಿದಿತ್ತು. ಎರಡು ಗಂಟೆ! ಒಂದು ಫೋನ್ ಕರೆಗೆ ಮಾತ್ರವಲ್ಲ, ಒಂದು ಊರನ್ನೇ ಖಾಲಿ ಮಾಡುವುದಕ್ಕೂ ಸಾಕಾಗುವಷ್ಟು ಸಮಯ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 2007ರಿಂದ ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆಯಲ್ಲಿ ಹಗಲೂ ರಾತ್ರಿ ನಡೆಯುವ ಎಚ್ಚರಿಕೆ ಕೇಂದ್ರ ಇದೆ.

ಪ್ರಶ್ನೆ: ಸೈರನ್ನೇ ಕೂಗದಿದ್ದರೆ?

ಉತ್ತರ: ಇದನ್ನು ಕೇಳಿದವರಿಗೆ ವಿಶೇಷ ಧನ್ಯವಾದ, ನಾನು ಜಾಸ್ತಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಭೂಕಂಪ ದಡದ ಹತ್ತಿರವೇ ಆದರೆ ಅಲೆ ಹತ್ತು ಇಪ್ಪತ್ತು ನಿಮಿಷದಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ ಬರುತ್ತದೆ. ಕರೆಂಟ್ ಹೋಗಿರಬಹುದು, ಟವರ್ ಬಿದ್ದಿರಬಹುದು. ಆಗ ನಡುಗಿದ ನೆಲವೇ ಸೈರನ್.

ಸುಮಾತ್ರಾದ ಪಕ್ಕ ಸಿಮೆಲೂ ಅಂತ ಒಂದು ದ್ವೀಪ ಇದೆ. ಅಲ್ಲಿ 1907ರಲ್ಲಿ ಸುನಾಮಿ ಬಂದು ತುಂಬಾ ಜನ ಸತ್ತಿದ್ದರು. ಉಳಿದವರು ಅದಕ್ಕೆ 'ಸ್ಮಾಂಗ್' ಅಂತ ಹೆಸರಿಟ್ಟರು. ನೆಲ ಜೋರಾಗಿ ನಡುಗಿ, ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡಿ ಅಂತ ಮಕ್ಕಳಿಗೆ ಕಥೆ ಹೇಳಿದರು, ಆ ಮಕ್ಕಳು ತಮ್ಮ ಮಕ್ಕಳಿಗೆ ಹೇಳಿದರು. 2004ರಲ್ಲಿ ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ ಇದ್ದ ದ್ವೀಪ ಅದು. ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ. ಅದೇ ದಿನ ಥೈಲ್ಯಾಂಡಿನ ಒಂದು ಬೀಚಿನಲ್ಲಿ ಹತ್ತು ವರ್ಷದ ಇಂಗ್ಲಿಷ್ ಹುಡುಗಿಯೊಬ್ಬಳು ನೀರು ನೊರೆ ನೊರೆಯಾಗಿ ವಿಚಿತ್ರವಾಗಿ ಆಡುವುದನ್ನು ನೋಡಿ, ಎರಡು ವಾರದ ಹಿಂದೆ ಭೂಗೋಳದ ತರಗತಿಯಲ್ಲಿ ಕಲಿತದ್ದು ನೆನಪಾಗಿ ಕೂಗಾಡಿದಳು, ಬೀಚು ಖಾಲಿಯಾಯಿತು.

ಎರಡು ವಿಷಯ ಮಾತ್ರ ತಪ್ಪು ತಿಳಿಯಬೇಡಿ. ಸಮುದ್ರ ಪ್ರತಿ ಸಲವೂ ಹಿಂದೆ ಸರಿಯುವುದಿಲ್ಲ, ಕೆಲವು ಸಲ ನೇರವಾಗಿ ಏರಿಯೇ ಬರುತ್ತದೆ. ಹಾಗೆಯೇ ನಡುಕ ಮೆಲ್ಲಗಿದೆ ಅಂತ ಸುಮ್ನೆ ಕೂರಬೇಡಿ. 1896ರಲ್ಲಿ ಜಪಾನಿನ ಸಾನ್ರಿಕು ತೀರದ ಜನಕ್ಕೆ ನಡುಕ ಅಂಥ ಜೋರಾಗಿ ಅನಿಸಿರಲಿಲ್ಲ, ಯಾರೂ ಓಡಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಬಂದ ನೀರು ಸುಮಾರು 22,000 ಜನರನ್ನು ಒಯ್ದಿತು. ದಡದಲ್ಲಿದ್ದಾಗ ನಡುಕ ಜೋರಾಗಿದ್ದರೂ ಸರಿ, ಮೆಲ್ಲಗಿದ್ದು ತುಂಬಾ ಹೊತ್ತು ನಡೆದರೂ ಸರಿ, ಎತ್ತರದ ಜಾಗಕ್ಕೆ ಹೊರಡಿ. ಗುಡ್ಡ ಇಲ್ಲದಿದ್ದರೆ ಗಟ್ಟಿ ಕಾಂಕ್ರೀಟ್ ಕಟ್ಟಡದ ಮೇಲಿನ ಮಹಡಿಗೆ.

ಪ್ರಶ್ನೆ: ನಡುಗುವಾಗ ಮನೆಯಿಂದ ಹೊರಗೆ ಓಡಬೇಕಾ, ಒಳಗೇ ಇರಬೇಕಾ?

ಉತ್ತರ: ಕಾಂಕ್ರೀಟ್ ಕಟ್ಟಡವಾದರೆ ಒಳಗೇ ಇರಿ. ಗಟ್ಟಿ ಮೇಜಿನ ಕೆಳಗೆ ನುಗ್ಗಿ, ತಲೆ ಮುಚ್ಚಿಕೊಳ್ಳಿ, ಮೇಜಿನ ಕಾಲು ಹಿಡಿದುಕೊಳ್ಳಿ. ಓಡುವಾಗ ಮೆಟ್ಟಿಲಲ್ಲಿ ಬೀಳುವುದು, ಹೊರಗೆ ಕಾಲಿಡುವಾಗ ಮೇಲಿಂದ ಗಾಜು, ಪ್ಯಾರಾಪೆಟ್ ಉದುರುವುದು, ಗಾಯ ಜಾಸ್ತಿ ಆಗುವುದು ಹೀಗೆಯೇ. ಮಣ್ಣು ಕಲ್ಲಿನ ಹಳೇ ಮನೆಯ ಮಾತು ಬೇರೆ. 1993ರಲ್ಲಿ ಲಾತೂರಿನಲ್ಲಿ ಆದ ಭೂಕಂಪದ ಪ್ರಮಾಣ 6.2, ಜಗತ್ತಿನ ಲೆಕ್ಕದಲ್ಲಿ ಮಧ್ಯಮ. ಆದರೆ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಚಾವಣಿ, ಬೆಳಗಿನ ಜಾವ ಮಲಗಿದ್ದ ಜನ. ಸುಮಾರು 10,000 ಮಂದಿ ಸತ್ತರು. ಅಂಥ ಮನೆಯಲ್ಲಿ ಬಾಗಿಲ ಪಕ್ಕದಲ್ಲೇ ಇದ್ದು, ಎದುರಿಗೆ ಬಯಲಿದ್ದರೆ ಹೊರಗೆ ಬಂದುಬಿಡಿ.

ಪ್ರಶ್ನೆ: ಮೊದಲ ಅಲೆ ಹೋದ ಮೇಲೆ ಮನೆಗೆ ವಾಪಸ್ ಹೋಗಬಹುದಾ?

ಉತ್ತರ: ಬೇಡ. ಸುನಾಮಿ ಅಂದರೆ ಒಂದು ಅಲೆ ಅಲ್ಲ, ಅಲೆಗಳ ಸಾಲು. ಎರಡರ ನಡುವೆ ಕೆಲವು ನಿಮಿಷದಿಂದ ಒಂದು ಗಂಟೆಯವರೆಗೂ ಅಂತರ ಇರಬಹುದು, ಎರಡನೆಯದೋ ಮೂರನೆಯದೋ ಮೊದಲನೆಯದಕ್ಕಿಂತ ದೊಡ್ಡದಾಗಿರುವುದು ಮಾಮೂಲಿ. ದಾಖಲೆ ತರಬೇಕು, ದನ ಬಿಚ್ಚಬೇಕು, ಬೋಟ್ ನೋಡಬೇಕು ಅಂತ ಇಳಿದುಹೋದವರು ಎಷ್ಟೋ ಜನ ಮರಳಿಲ್ಲ. ಅಪಾಯ ಮುಗಿಯಿತು ಅಂತ ಅಧಿಕಾರಿಗಳು ಹೇಳುವವರೆಗೆ, ಅದು ಆರು ಗಂಟೆಯಾಗಲಿ ಇಡೀ ರಾತ್ರಿಯಾಗಲಿ, ಮೇಲೇ ಇರಿ. ಮನೆಯವರಲ್ಲಿ ಯಾರಾದರೂ ಬೇರೆ ಕಡೆ ಇದ್ದರೆ ಹುಡುಕಿಕೊಂಡು ಇಳಿಯದೇ ಇರಲು ಒಂದೇ ದಾರಿ: ಎಲ್ಲರೂ ಯಾವ ಎತ್ತರದ ಜಾಗಕ್ಕೆ ಬಂದು ಸೇರಬೇಕು ಅಂತ ಇವತ್ತೇ ಕೂತು ಮಾತಾಡಿಟ್ಟುಕೊಳ್ಳಿ.